ಲೋಡ್ ಇದ್ದಾಗ ಮಾತ್ರ ಪವರ್ ಹೋಗುತ್ತೆ, ಸೆನ್ಸರ್ ಹೊಸದು ಹಾಕಿದರೂ ಅದೇ ಕೋಡ್. ಟರ್ಬೋ ಬಿಚ್ಚಿಸಲೇಬೇಕಾ?

ಈರುಳ್ಳಿ ಗಾಡಿ, ಭರಮಸಾಗರ

ಎಲ್ಲರಿಗೂ ನಮಸ್ಕಾರ. ನನ್ನದು ಟರ್ಬೋ ಡೀಸೆಲ್ ಪಿಕಪ್, ಬಿಎಸ್4. ನಮ್ಮ ಹೊಲದ್ದು, ಅಕ್ಕಪಕ್ಕದವರದ್ದು ಈರುಳ್ಳಿ ತುಂಬಿಕೊಂಡು ಯಶವಂತಪುರ ಮಾರ್ಕೆಟ್‌ಗೆ ಹೋಗ್ತೀನಿ.

ಖಾಲಿ ಗಾಡಿಯಲ್ಲಿ ಏನೂ ತೊಂದರೆ ಇಲ್ಲ, ಎಷ್ಟು ಬೇಕಾದರೂ ಓಡಿಸಿ. ಲೋಡ್ ಹಾಕಿಕೊಂಡು ಹೈವೇ ಹತ್ತಿ, ದುರ್ಗದ ಕಡೆ ಏರಿನಲ್ಲಿ ಆಕ್ಸಿಲರೇಟರ್ ಪೂರ್ತಿ ಒತ್ತಿದರೆ ಇಂಜಿನ್ ಲೈಟ್ ಹತ್ತಿಕೊಳ್ಳುತ್ತೆ. ಅಲ್ಲಿಗೆ ಪವರ್ ಸತ್ತೇ ಹೋಯ್ತು. ಎಷ್ಟು ತುಳಿದರೂ ಆರ್‌ಪಿಎಂ ಮೇಲೆ ಹೋಗಲ್ಲ. ಹಿಂದೆ ಲಾರಿಯವರು ಹಾರ್ನ್ ಹೊಡೆದು ಹೊಡೆದು ಸಾಯಿಸ್ತಾರೆ. ಪಕ್ಕಕ್ಕೆ ಹಾಕಿ, ಕೀ ಆಫ್ ಮಾಡಿ ಮತ್ತೆ ಸ್ಟಾರ್ಟ್ ಮಾಡಿದರೆ ಏನೂ ಆಗೇ ಇಲ್ಲ ಅನ್ನೋ ಹಾಗೆ ಹೋಗುತ್ತೆ, ಮುಂದಿನ ಏರು ಬರೋವರೆಗೆ.

ಒಂದು ಗ್ಯಾರೇಜ್‌ನಲ್ಲಿ ಸ್ಕ್ಯಾನ್ ಮಾಡಿದರು. ಪಿ0237 ಬಂತು. ಬೂಸ್ಟ್ ಪ್ರೆಷರ್ ಸೆನ್ಸರ್ (ಟರ್ಬೋ ಇಂಜಿನ್‌ಗೆ ತುಂಬೋ ಗಾಳಿಯ ಒತ್ತಡ ಅಳೆಯೋದು) ಹೋಗಿದೆ ಅಂತ ಹೊಸದು ಹಾಕಿದರು. ಖಾಲಿ ಗಾಡಿ ಓಡಿಸಿ ನೋಡಿ ಸರಿಯಾಯ್ತು ಅಂದರು. ಮುಂದಿನ ಲೋಡಿಗೇ ಮತ್ತೆ ಅದೇ ಕೋಡ್. ಇನ್ನೊಂದು ಕಡೆ ತೋರಿಸಿದೆ. ಟರ್ಬೋ ವೀಕ್ ಆಗಿದೆ, ಬಿಚ್ಚಬೇಕು, ₹30,000ದ ಮೇಲೆ ಆಗುತ್ತೆ ಅಂತಿದ್ದಾರೆ. ಈರುಳ್ಳಿ ರೇಟು ನಿಮಗೇ ಗೊತ್ತು. ಕಪ್ಪು ಹೊಗೆ ಇಲ್ಲ, ಆಯಿಲ್ ಕಡಿಮೆ ಆಗ್ತಿಲ್ಲ, ಟರ್ಬೋ ಸದ್ದೂ ಮೊದಲಿನ ಹಾಗೇ ಇದೆ. ನನ್ನ ಹತ್ತಿರ ಮಲ್ಟಿಮೀಟರ್ ಇದೆ, ಫೋನಿಗೆ ಕನೆಕ್ಟ್ ಆಗೋ ಬ್ಲೂಟೂತ್ ಸ್ಕ್ಯಾನರ್ ಕೂಡ ಇದೆ. ಟರ್ಬೋ ಬಿಚ್ಚಿಸೋ ಮುಂಚೆ ಮನೆಯಲ್ಲೇ ಏನಾದರೂ ನೋಡಬಹುದಾ?

ಹರಿಹರ ಡ್ರೈವರ್

ತಮ್ಮಾ, ಮೊದಲು ಇಂಟರ್‌ಕೂಲರ್ (ಟರ್ಬೋ ಗಾಳಿ ತಣ್ಣಗೆ ಮಾಡೋದು) ಹೋಸ್ ನೋಡು. ನನ್ನ ಗಾಡಿಯಲ್ಲೂ ಲೋಡಿಗೆ ಮಾತ್ರ ಪವರ್ ಹೋಗ್ತಿತ್ತು. ಹೋಸ್ ಕೆಳಭಾಗದಲ್ಲಿ ಸಣ್ಣ ಸೀಳು. ಸುಮ್ನೆ ನಿಂತಾಗ ಮುಚ್ಚಿಕೊಂಡಿರುತ್ತೆ, ಟರ್ಬೋ ಗಾಳಿ ಒತ್ತಿದಾಗ ಬಾಯಿ ಬಿಡುತ್ತೆ. ಸುತ್ತ ಎಣ್ಣೆ ಜಿಡ್ಡು, ಅದಕ್ಕೆ ಧೂಳು ಅಂಟಿರುತ್ತೆ, ಅದೇ ಗುರುತು. ಕ್ಲಾಂಪ್ ಲೂಸ್ ಇದೆಯಾ ಅಂತಲೂ ನೋಡು.

ಕೋಟೆ ಊರು

ಹಾಕಿದ್ದು ಒರಿಜಿನಲ್ ಸೆನ್ಸರ್ರಾ, ಲೋಕಲ್ಲಾ? ಲೋಕಲ್ ಆದರೆ ಹೀಗೇ. ಒರಿಜಿನಲ್ ಹಾಕಿಸಿ, ಸರಿ ಹೋಗುತ್ತೆ.

ವೈರಿಂಗ್ ಕೆಲಸ, ದಾವಣಗೆರೆ

ಅಣ್ಣಾ, ಟರ್ಬೋಗೆ ಈಗಲೇ ಒಂದು ರೂಪಾಯಿನೂ ಕೊಡಬೇಡಿ. ಇನ್ನೊಂದು ಸೆನ್ಸರ್‌ಗೂ ಕೊಡಬೇಡಿ. ಕೋಡ್ ಏನು ಹೇಳ್ತಿದೆ ಅಂತ ಮೊದಲು ಸರಿಯಾಗಿ ಓದೋಣ.

ಪಿ0237 ಅಂದರೆ ಬೂಸ್ಟ್ ಸೆನ್ಸರ್ ಸರ್ಕ್ಯೂಟ್‌ನಲ್ಲಿ ವೋಲ್ಟೇಜ್ ಕಡಿಮೆ ಬರ್ತಿದೆ ಅಂತ. ಗಾಳಿಯ ಒತ್ತಡ ಕಡಿಮೆ ಅಂತ ಅಲ್ಲ. ಟರ್ಬೋ ಸೋತಿದ್ದರೆ, ಹೋಸ್ ಸೀಳಿದ್ದರೆ ಬರೋದು ಸಾಮಾನ್ಯವಾಗಿ ಪಿ0299: ನಾನು ಕೇಳಿದಷ್ಟು ಬೂಸ್ಟ್ ಸಿಗ್ತಿಲ್ಲ ಅಂತ ಇಸಿಎಂ, ಅಂದರೆ ಇಂಜಿನ್ ಕಂಪ್ಯೂಟರ್, ದೂರು ಹೇಳೋದು. ಪಿ0236 ಬಂದರೆ ಸೆನ್ಸರ್ ಕೊಡೋ ಅಂಕಿ ಹೊಂದಾಣಿಕೆ ಆಗ್ತಿಲ್ಲ ಅಂತ, ಅಲ್ಲಿ ಗಾಳಿಯ ಮೇಲೂ ವೈರಿನ ಮೇಲೂ ಅನುಮಾನ ಇಟ್ಟುಕೊಳ್ಳಬೇಕು. ಆದರೆ 0237 ಮತ್ತು 0238 ಕರೆಂಟಿನ ಕೋಡ್‌ಗಳು. ಮೊದಲನೆಯದು ವೋಲ್ಟೇಜ್ ತಳಕ್ಕೆ ಹೋಯ್ತು ಅಂತ, ಎರಡನೆಯದು ತುದಿಗೆ ಹೋಯ್ತು ಅಂತ. ಹರಿಹರದ ಅಣ್ಣ ಹೇಳಿದ್ದು ನಿಜವಾಗಿ ಆಗೋದೇ, ನಾನೂ ಅಂಥ ಹೋಸ್ ಬೇಕಾದಷ್ಟು ನೋಡಿದ್ದೀನಿ. ನಿಮ್ಮ ಗಾಡಿಯ ಕೋಡ್ ಮಾತ್ರ ಅದಲ್ಲ.

ಗ್ಯಾರೇಜ್‌ನವರು ಕೋಡ್‌ನಲ್ಲಿ 'ಸೆನ್ಸರ್' ಅಂತ ಕಂಡ ತಕ್ಷಣ ಸೆನ್ಸರ್ ಬದಲಾಯಿಸ್ತಾರೆ. ಇದು ನನಗೆ ಹಿಡಿಸದ ಅಭ್ಯಾಸ. ಪಕ್ಕದಲ್ಲಿರೋ 'ಸರ್ಕ್ಯೂಟ್' ಅನ್ನೋದನ್ನ ಓದೋದೇ ಇಲ್ಲ. ಸರ್ಕ್ಯೂಟ್ ಅಂದರೆ ಸೆನ್ಸರ್, ಕಪ್ಲರ್ (ವೈರ್ ಸಿಕ್ಕಿಸೋ ಪ್ಲಗ್), ವೈರು, ಇಸಿಎಂ ಎಲ್ಲಾ ಸೇರಿ. ಈ ನಾಲ್ಕರಲ್ಲಿ ಜಾಸ್ತಿ ಕೈಕೊಡೋದು ನಡುವಿನ ಎರಡು.

ನಿಮ್ಮ ಸೆನ್ಸರ್‌ಗೆ ಬಹುಶಃ ನಾಲ್ಕು ವೈರ್ ಇರುತ್ತೆ. ಒಂದು ಇಸಿಎಂ ಕೊಡೋ 5 ವೋಲ್ಟ್. ಒಂದು ಅರ್ಥ್. ಒಂದು ಪ್ರೆಷರ್ ಸಿಗ್ನಲ್. ನಾಲ್ಕನೆಯದು ಗಾಳಿಯ ಟೆಂಪರೇಚರ್, ಅದೂ ಇದೇ ಡಬ್ಬಿಯೊಳಗೆ ಇರುತ್ತೆ. ಈ ನಾಲ್ಕನೆಯದನ್ನ ನೆನಪಿಟ್ಟುಕೊಳ್ಳಿ, ಆಮೇಲೆ ತುಂಬಾ ಕೆಲಸಕ್ಕೆ ಬರುತ್ತೆ.

ಮೊದಲ ಟೆಸ್ಟ್ ಮನೆ ಮುಂದೇನೇ. ಕೀ ಆನ್ ಮಾಡಿ, ಇಂಜಿನ್ ಸ್ಟಾರ್ಟ್ ಮಾಡಬೇಡಿ. ಫೋನಿನಲ್ಲಿ ಇಂಟೇಕ್ ಮ್ಯಾನಿಫೋಲ್ಡ್ ಪ್ರೆಷರ್ ತೆಗೆಯಿರಿ. ಬೂಸ್ಟ್ ಅಂತ ಬೇರೆ ಮೀಟರ್ ತೋರಿಸೋ ಆ್ಯಪ್‌ಗಳಿವೆ, ಅದು ಹೊರಗಿನ ಗಾಳಿ ಒತ್ತಡ ಕಳೆದ ಮೇಲಿನ ಅಂಕಿ, ಅದು ಬೇಡ. ಇಂಜಿನ್ ನಿಂತಿರುವಾಗ ಒಳಗೂ ಹೊರಗೂ ಒಂದೇ ಗಾಳಿ. ಹಾಗಾಗಿ ಆ ಸೆನ್ಸರ್ ನಮ್ಮ ಊರಿನ ಗಾಳಿಯ ಒತ್ತಡವನ್ನೇ ತೋರಿಸಬೇಕು. ಇಂಟರ್ನೆಟ್‌ನಲ್ಲಿ ಎಲ್ಲಾ ಕಡೆ 101 ಕಿಲೋ ಪ್ಯಾಸ್ಕಲ್ ಅಂತ ಬರೆದಿರುತ್ತಾರೆ. ಅದು ಮಂಗಳೂರಿನಂಥ ಸಮುದ್ರದ ಪಕ್ಕದ ಊರಿಗೆ. ದಾವಣಗೆರೆ ಸಮುದ್ರ ಮಟ್ಟದಿಂದ ಸುಮಾರು 600 ಮೀಟರ್ ಮೇಲೆ, ಚಿತ್ರದುರ್ಗ 700 ದಾಟುತ್ತೆ. ಇಲ್ಲಿ ನನಗೆ 94ರ ಆಸುಪಾಸು ಬರುತ್ತೆ, ದುರ್ಗದಲ್ಲಿ 93. ನಿಮ್ಮ ಊರು ನಡುವೆ ಇದೆ. ನಿಮ್ಮ ಸ್ಕ್ಯಾನರ್ ಬ್ಯಾರೋಮೆಟ್ರಿಕ್ ಪ್ರೆಷರ್ (ಹೊರಗಿನ ಗಾಳಿಯ ಒತ್ತಡ) ಅಂತಲೂ ತೋರಿಸಿದರೆ ಅದನ್ನೂ ಪಕ್ಕದಲ್ಲಿ ಇಟ್ಟು ನೋಡಿ. ಎರಡಕ್ಕೂ ಎರಡು ಮೂರು ಅಂಕಿಗಿಂತ ಜಾಸ್ತಿ ವ್ಯತ್ಯಾಸ ಇರಬಾರದು. ನಮ್ಮ ಕಡೆ 101 ತೋರಿಸ್ತಿದ್ದರೆ ಆ ಸೆನ್ಸರ್ ನಂಬಬೇಡಿ, 80 ತೋರಿಸಿದರೂ ನಂಬಬೇಡಿ.

ಎರಡನೆಯದು ಮಲ್ಟಿಮೀಟರ್ ಕೆಲಸ. ಕಪ್ಲರ್ ತೆಗೆದು, ಕೀ ಆನ್ ಮಾಡಿ, 5 ವೋಲ್ಟ್ ಬರ್ತಿದೆಯಾ ನೋಡಿ. ಕಪ್ಲರ್ ಒಳಗೆ ಮೀಟರಿನ ದಪ್ಪ ಕಡ್ಡಿ ತುರುಕಬೇಡಿ, ಟರ್ಮಿನಲ್ ಅಗಲ ಆದರೆ ಇನ್ನೊಂದು ಹೊಸ ತೊಂದರೆ. ತೆಳ್ಳನೆ ಗುಂಡುಪಿನ್ ಹಿಂದಿನಿಂದ, ವೈರ್ ಒಳಗೆ ಹೋಗೋ ಕಡೆಯಿಂದ ಇಳಿಸಿ ಅದಕ್ಕೆ ಮೀಟರ್ ಹಿಡಿಯಿರಿ. ಬಲ್ಬ್ ಇರೋ ಟೆಸ್ಟ್ ಲ್ಯಾಂಪ್ ಇಲ್ಲಿ ಬೇಡವೇ ಬೇಡ, ಅದು ಎಳೆಯೋ ಕರೆಂಟ್ ಇಸಿಎಂಗೆ ಆಗಿಬರಲ್ಲ. ಆಮೇಲೆ ಕಪ್ಲರ್ ಹಾಕಿ, ಸಿಗ್ನಲ್ ವೈರಿನಲ್ಲಿ ಎಷ್ಟಿದೆ ನೋಡಿ. ಇಂಜಿನ್ ನಿಂತಿದ್ದಾಗ ಸೆನ್ಸರ್‌ಗೆ ತಕ್ಕಂತೆ 1.5ರಿಂದ 1.8 ವೋಲ್ಟ್ ಸುತ್ತಮುತ್ತ ಬರುತ್ತೆ.

ಮೂರನೆಯದು ಮುಖ್ಯ. ಲೋಡ್ ಹಾಕಿಕೊಂಡು ಅದೇ ಏರಿಗೆ ಹೋಗಿ. ಪಕ್ಕದಲ್ಲಿ ಯಾರನ್ನಾದರೂ ಕೂರಿಸಿ ಫೋನ್ ಅವರ ಕೈಗೆ ಕೊಡಿ, ನೀವು ರಸ್ತೆ ನೋಡಿ. ಆ್ಯಪ್‌ನಲ್ಲಿ ಪ್ರೆಷರ್, ಗಾಳಿಯ ಟೆಂಪರೇಚರ್, ಆರ್‌ಪಿಎಂ, ಈ ಮೂರು ಮಾತ್ರ ಇಟ್ಟು ರೆಕಾರ್ಡ್ ಮಾಡಿ. ಹತ್ತಾರು ಹಾಕಿದರೆ ಬ್ಲೂಟೂತ್ ಸ್ಕ್ಯಾನರ್ ನಿಧಾನ ಆಗುತ್ತೆ, ಬೇಕಾದ ಕ್ಷಣವೇ ತಪ್ಪಿಹೋಗುತ್ತೆ. ಪವರ್ ಹೋದ ಘಳಿಗೆಯಲ್ಲಿ ಮೂರೂ ಅಂಕಿ ಏನಾಯ್ತು ಅಂತ ಇಲ್ಲಿ ಬರೆಯಿರಿ.

ಇನ್ನೊಂದು. ಈ ತೊಂದರೆ ಶುರುವಾಗೋ ಮುಂಚೆ ಗಾಡಿಗೆ ಬೇರೆ ಏನಾದರೂ ಕೆಲಸ ಮಾಡಿಸಿದ್ದಿರಾ? ಸಂಬಂಧ ಇಲ್ಲ ಅನ್ನಿಸಿದರೂ ಹೇಳಿ.

ಕೋಟೆ ಊರು

ಲೋಕಲ್ ಸೆನ್ಸರ್ ಅಂತ ಒಂದು ಮಾತು ಹೇಳಿದ್ದೆ, ಅದರ ಬಗ್ಗೆ ಏನೂ ಹೇಳಲಿಲ್ಲವಲ್ಲ ಸರ್.

ವೈರಿಂಗ್ ಕೆಲಸ, ದಾವಣಗೆರೆ

ಲೋಕಲ್ ಸೆನ್ಸರ್ ತಪ್ಪು ಅಂಕಿ ಕೊಡಬಹುದು ಸರ್, ಅದು ಮೊದಲ ಟೆಸ್ಟ್‌ನಲ್ಲೇ ಗೊತ್ತಾಗುತ್ತೆ. ಆದರೆ ಹಳೇದೂ ಹೊಸದೂ ಎರಡೂ ಲೋಡ್ ಇದ್ದಾಗ ಮಾತ್ರ, ಅದೇ ಏರಿನಲ್ಲಿ, ಅದೇ ಕೋಡ್ ಕೊಡ್ತಾವೆ ಅಂದರೆ ತೊಂದರೆ ಸೆನ್ಸರ್ ಜೊತೆ ಬದಲಾಗಿಲ್ಲ ಅಂತಾಯ್ತು ಅಲ್ವಾ?

ಚಳ್ಳಕೆರೆ ಟ್ರ್ಯಾಕ್ಟರ್

ಇದೇ ಜಾಗದಲ್ಲಿ ಕೇಳ್ತೀನಿ, ಬೇಜಾರು ಮಾಡ್ಕೋಬೇಡಿ. ನಮ್ಮ ಟ್ರ್ಯಾಕ್ಟರ್‌ನಲ್ಲಿ ಆಯಿಲ್ ಲೈಟ್ ಬಿಸಿಯಾದ ಮೇಲೆ ಐಡಲಿಂಗ್‌ನಲ್ಲಿ ಮಿಣಮಿಣ ಅನ್ನುತ್ತೆ. ರೇಸ್ ಕೊಟ್ಟರೆ ಆರುತ್ತೆ. ಇದೂ ಸೆನ್ಸರ್ ತೊಂದರೇನಾ? ಶೇಂಗಾ ಕೀಳೋ ಟೈಮು, ಗಾಡಿ ನಿಲ್ಲಿಸೋ ಹಾಗಿಲ್ಲ.

ವೈರಿಂಗ್ ಕೆಲಸ, ದಾವಣಗೆರೆ

ಇದು ಬೇರೆ ಜಾತಿ ಅಣ್ಣಾ. ಈಗಲೇ ನಿಲ್ಲಿಸಿ, ಡಿಪ್‌ಸ್ಟಿಕ್ ತೆಗೆದು ಆಯಿಲ್ ಎಷ್ಟಿದೆ ನೋಡಿ. ಆ ಲೈಟಿನ ಹಿಂದೆ ಇರೋದು ಬರೀ ಒಂದು ಸ್ವಿಚ್. ಪ್ರೆಷರ್ ತೀರಾ ಕೆಳಗೆ ಇಳಿದಾಗ ಮಾತ್ರ ಇಂಜಿನ್ ಬಾಡಿಗೆ ಅರ್ಥ್ ಕೊಟ್ಟು ಲೈಟ್ ಹತ್ತಿಸುತ್ತೆ. ಬಿಸಿಯಾದಾಗ, ಐಡಲಿಂಗ್‌ನಲ್ಲಿ, ರೇಸ್ ಕೊಟ್ಟರೆ ಆರುತ್ತೆ: ಇದು ನಿಜವಾಗಿ ಪ್ರೆಷರ್ ಕಡಿಮೆ ಇರೋ ಇಂಜಿನ್ನಿನ ಲಕ್ಷಣವೂ ಹೌದು. ಆಯಿಲ್ ತೆಳ್ಳಗಾಗಿರಬಹುದು, ಬೇರಿಂಗ್ ಸವೆದಿರಬಹುದು, ಪಂಪ್ ಸೋತಿರಬಹುದು. ಸ್ವಿಚ್ ಬಿಚ್ಚಿ ಆ ಜಾಗಕ್ಕೆ ಪೈಪ್ ಇರೋ ಗೇಜ್ ಹಾಕಿ, ಬಿಸಿ ಇಂಜಿನ್‌ನಲ್ಲಿ ಅಳೆಯೋಕೆ ಹೇಳಿ. ಹೆಚ್ಚೂ ಕಡಿಮೆ ಎಲ್ಲಾ ಟ್ರ್ಯಾಕ್ಟರ್ ಮೆಕ್ಯಾನಿಕ್ ಹತ್ತಿರವೂ ಇರುತ್ತೆ. ಗೇಜ್‌ನಲ್ಲಿ ಪ್ರೆಷರ್ ಚೆನ್ನಾಗಿದ್ದರೆ ಆಮೇಲೆ ಸ್ವಿಚ್ ಬದಲಾಯಿಸಿ. ಮೊದಲೇ ಸ್ವಿಚ್ ಬದಲಾಯಿಸಿ ಓಡಿಸೋದು ಬೇಡ. ಬೂಸ್ಟ್ ಸೆನ್ಸರ್ ಕೆಟ್ಟರೆ ಗಾಡಿ ನಿಧಾನ ಆಗುತ್ತೆ ಅಷ್ಟೇ. ಆಯಿಲ್ ಪ್ರೆಷರ್ ಹೋದರೆ ಕ್ರ್ಯಾಂಕೇ ಹೋಗುತ್ತೆ. ಮಿಕ್ಕಿದ್ದು ಬೇರೆ ಪೋಸ್ಟ್ ಹಾಕಿ, ಅಲ್ಲಿ ಮಾತಾಡೋಣ.

ಈರುಳ್ಳಿ ಗಾಡಿ, ಭರಮಸಾಗರ

ಸರ್, ಎಲ್ಲಾ ನೋಡಿದೆ. ಕೀ ಆನ್, ಇಂಜಿನ್ ಆಫ್: 93. ಬ್ಯಾರೋ ಕೂಡ 93. 5 ವೋಲ್ಟ್ ವೈರಿನಲ್ಲಿ 4.99. ಸಿಗ್ನಲ್ 1.52. ಹೋಸ್ ಎಲ್ಲಾ ಸೋಪ್ ನೀರು ಹಾಕಿ ನೋಡಿದೆ, ಕ್ಲಾಂಪ್ ಟೈಟ್ ಇದೆ. ಹರಿಹರದ ಅಣ್ಣನಿಗೂ ಥ್ಯಾಂಕ್ಸ್.

ಲೋಡ್ ಹಾಕಿಕೊಂಡು ಹೋದೆ, ಭಾಮೈದ ಫೋನ್ ಹಿಡಿದಿದ್ದ. ಏರಿನಲ್ಲಿ ಪ್ರೆಷರ್ ಚೆನ್ನಾಗಿ ಮೇಲೆ ಹೋಯ್ತು: 140, 158, 171. ಆಮೇಲೆ ಒಂದೇ ಸಲ 13. ತಕ್ಷಣ ಮತ್ತೆ 169. ಮತ್ತೆ 13. ಅಷ್ಟರಲ್ಲಿ ಲೈಟ್ ಬಂತು, ಪವರ್ ಹೋಯ್ತು. ಟೆಂಪರೇಚರ್ 52, 53 ಹಾಗೇ ಇತ್ತು, ಅಲುಗಾಡಲೇ ಇಲ್ಲ. ಆರ್‌ಪಿಎಂ 2,300 ಹತ್ತಿರ.

ಕೆಲಸ ಅಂದರೆ, ಸೀಸನ್ ಶುರುವಾಗೋ ಮುಂಚೆ ಕ್ಲಚ್ ಪ್ಲೇಟ್ ಹಾಕಿಸಿದ್ದೆ. ಗೇರ್ ಬಾಕ್ಸ್ ಇಳಿಸಿದ್ದರು. ಅದಕ್ಕೂ ಇದಕ್ಕೂ ಏನು ಸಂಬಂಧ?

ವೈರಿಂಗ್ ಕೆಲಸ, ದಾವಣಗೆರೆ

ಸಂಬಂಧ ಅದೇ ಅನ್ನಿಸ್ತಿದೆ. ನೋಡಿ.

171 ಬಂತು ಅಂದರೆ ಟರ್ಬೋ ಗಾಳಿ ತುಂಬ್ತಿದೆ. ನಮ್ಮ ಹೊರಗಿನ ಗಾಳಿ 93, ಅದರ ಮೇಲೆ ಸುಮಾರು ಮುಕ್ಕಾಲು ಬಾರ್ ಜಾಸ್ತಿ ಒತ್ತಡ, ಇನ್ನೂ ಮೇಲೆ ಹೋಗ್ತಿತ್ತು. ಟರ್ಬೋ ಕಥೆ ಇಲ್ಲಿಗೆ ಮುಗಿಯಿತು.

ಈಗ 13. ಹೋಸ್ ಪೂರ್ತಿ ಕಿತ್ತು ಬಂದರೂ ಮ್ಯಾನಿಫೋಲ್ಡ್ ಒತ್ತಡ ಹೊರಗಿನ ಗಾಳಿಯ ಹತ್ತಿರಕ್ಕೆ ಬಂದು ನಿಲ್ಲಬೇಕು, 93ರ ಸುತ್ತಮುತ್ತ. ಡೀಸೆಲ್ ಇಂಜಿನ್, ಪೂರ್ತಿ ಆಕ್ಸಿಲರೇಟರ್, ಅಲ್ಲಿ 13 ಅನ್ನೋ ಒತ್ತಡ ಬರೋಕೆ ಸಾಧ್ಯವೇ ಇಲ್ಲ. ಹೋಗಿ ತಕ್ಷಣ 169ಕ್ಕೆ ವಾಪಸ್ ಬರೋಕೂ ಆಗಲ್ಲ. ಗಾಳಿ ಏರೋದು ಇಳಿಯೋದು ಗ್ರಾಫ್‌ನಲ್ಲಿ ಇಳಿಜಾರಾಗಿ ಕಾಣುತ್ತೆ. ನಿಮ್ಮದು ನೆಟ್ಟಗೆ ಬಾವಿಗೆ ಬಿದ್ದು ಎದ್ದ ಹಾಗಿದೆ. ಅದು ವೈರ್ ಕಟ್ ಆಗಿ ಕೂಡ್ತಿರೋದು.

ಯಾವ ವೈರ್? ಟೆಂಪರೇಚರ್ 52ರಲ್ಲೇ ನಿಂತಿತ್ತು ಅಂದ್ರಲ್ಲ, ಅದೇ ಸಾಕ್ಷಿ. ಟೆಂಪರೇಚರ್‌ಗೂ ಪ್ರೆಷರ್‌ಗೂ ಅರ್ಥ್ ಒಂದೇ. ಅರ್ಥ್ ಬಿಟ್ಟಿದ್ದರೆ, ಇಲ್ಲಾ ಕಪ್ಲರ್ ಪೂರ್ತಿ ಅಲುಗಾಡಿದ್ದರೆ, ಟೆಂಪರೇಚರ್ ಮೈನಸ್ 40ಕ್ಕೆ ಹಾರಬೇಕಿತ್ತು. ಹಾರಿಲ್ಲ. ಜೊತೆಗೆ ಅರ್ಥ್ ಹೋದರೆ ಸಿಗ್ನಲ್ ಮೇಲಕ್ಕೆ ಹೋಗೋದು, ಕೋಡ್ 0238 ಬರೋದು. ಇನ್ನು 5 ವೋಲ್ಟ್ ಇಸಿಎಂ ಕಡೆಯಿಂದಲೇ ಕುಸಿದಿದ್ದರೆ ಅದೇ ಸಪ್ಲೈ ಮೇಲಿರೋ ಬೇರೆ ಸೆನ್ಸರ್‌ಗಳೂ ಕೂಗಾಡ್ತಿದ್ದವು, ಪಿ0642 ಥರದ ಕೋಡ್ ಜೊತೆಗೆ ಬರ್ತಿತ್ತು. ಹಾಗಾಗಿ ಉಳಿದದ್ದು ಎರಡೇ: ಈ ಸೆನ್ಸರ್‌ಗೆ ಬರೋ 5 ವೋಲ್ಟ್ ವೈರು, ಇಲ್ಲಾ ಸಿಗ್ನಲ್ ವೈರು.

ಲೋಡಿಗೆ ಮಾತ್ರ ಯಾಕೆ? ಪೂರ್ತಿ ಆಕ್ಸಿಲರೇಟರ್ ಕೊಟ್ಟಾಗ ಇಂಜಿನ್ ತನ್ನ ಮೌಂಟಿಂಗ್ ರಬ್ಬರ್ ಮೇಲೆ ಒಂದು ಪಕ್ಕಕ್ಕೆ ವಾಲುತ್ತೆ. ಖಾಲಿ ಗಾಡಿಯಲ್ಲಿ ಅಷ್ಟು ವಾಲಲ್ಲ. ವೈರಿಂಗ್ ಒಂದು ತುದಿ ಇಂಜಿನ್ ಮೇಲೆ, ಇನ್ನೊಂದು ತುದಿ ಬಾಡಿ ಕಡೆ. ಗೇರ್ ಬಾಕ್ಸ್ ಇಳಿಸುವಾಗ ವೈರಿಂಗ್ ಕ್ಲಿಪ್ ಬಿಡಿಸ್ತಾರೆ. ವಾಪಸ್ ಹಾಕುವಾಗ ಒಂದು ಕ್ಲಿಪ್ ಮುರಿದಿರುತ್ತೆ, ಇಲ್ಲಾ ವೈರಿಂಗ್ ಬೇರೆ ದಾರಿಯಲ್ಲಿ ಟೈಟ್ ಆಗಿ ಹೋಗಿರುತ್ತೆ. ಆಮೇಲೆ ಇಂಜಿನ್ ವಾಲಿದಾಗಲೆಲ್ಲಾ ಎಳೆತ.

ಮಾಡಬೇಕಾದ್ದು: ಕೀ ಆಫ್. ಬ್ಯಾಟರಿ ಮೈನಸ್ ತೆಗೆಯಿರಿ. ಸೆನ್ಸರ್ ಕಪ್ಲರ್ ಬಿಡಿಸಿ, ಹಿಂದಿನ ಟೇಪ್, ಸ್ಲೀವ್ ಎಲ್ಲಾ ಒಂದು ಗೇಣು ಬಿಚ್ಚಿ. ಒಂದೊಂದೇ ವೈರ್ ಎರಡು ಕೈಯ ಬೆರಳಲ್ಲಿ ಹಿಡಿದು ಮೆಲ್ಲಗೆ ಎಳೆಯುತ್ತಾ ಮುಂದೆ ಹೋಗಿ. ಒಳಗೆ ತಾಮ್ರ ಚೆನ್ನಾಗಿದ್ದರೆ ವೈರ್ ಬಿಗಿಯಾಗಿರುತ್ತೆ. ಎಲ್ಲಿ ತಾಮ್ರ ತುಂಡಾಗಿದೆಯೋ ಅಲ್ಲಿ ಮೇಲಿನ ಪ್ಲಾಸ್ಟಿಕ್ ಮಾತ್ರ ಹಿಗ್ಗುತ್ತೆ, ಬಣ್ಣ ಸ್ವಲ್ಪ ಬೆಳ್ಳಗಾಗುತ್ತೆ. ಕಣ್ಣಿಗಿಂತ ಬೆರಳಿಗೆ ಬೇಗ ಗೊತ್ತಾಗುತ್ತೆ. ಮೀಟರ್ ಬೀಪ್ ಅಂದಿತು ಅಂತ ಮಾತ್ರ ನಂಬಬೇಡಿ. ಒಂದು ಎಳೆ ತಾಗಿದ್ದರೂ ಅದು ಬೀಪ್ ಅನ್ನುತ್ತೆ.

ಇಲಿ ಕಡಿದ ಗುರುತೂ ನೋಡಿ. ಮೆಕ್ಕೆಜೋಳದ ಟೈಮಿನಲ್ಲಿ ಗೋಡೌನ್ ಮುಂದೆ ನಿಂತ ಗಾಡಿಗಳು ನನ್ನ ಹತ್ತಿರ ಸಾಲಾಗಿ ಬರ್ತಾವೆ, ಅರ್ಧ ಕೇಸು ಇಲಿಯದ್ದೇ. ನಿಮ್ಮದು ಈರುಳ್ಳಿ, ಅವಕ್ಕೆ ಅಷ್ಟು ಇಷ್ಟ ಇರಲಿಕ್ಕಿಲ್ಲ.

ಹರಿಹರ ಡ್ರೈವರ್

ಸರಿ ಗುರುಗಳೇ, ಒಪ್ಪಿದೆ. ಆ ಟೆಂಪರೇಚರ್ ವಿಚಾರ ನಮಗೆ ಯಾರೂ ಹೇಳಿರಲಿಲ್ಲ.

ಈರುಳ್ಳಿ ಗಾಡಿ, ಭರಮಸಾಗರ

ಸಿಕ್ಕಿತು ಸರ್! ಕಪ್ಲರ್‌ನಿಂದ ನಾಲ್ಕು ಬೆರಳು ಹಿಂದೆ. ವೈರಿಂಗ್ ಕೂರಿಸೋ ಪ್ಲಾಸ್ಟಿಕ್ ಕ್ಲಿಪ್ ಅರ್ಧ ಮುರಿದು ಬ್ರಾಕೆಟ್‌ನಲ್ಲೇ ಉಳಿದಿದೆ, ವೈರಿಂಗ್ ಅದರ ಪಕ್ಕದಿಂದ ಹೊರಗೆ ಬಂದು ಬ್ರಾಕೆಟ್ ಅಂಚಿನ ಮೇಲೆ ಬಗ್ಗಿ ಹೋಗಿತ್ತು, ಒಂಚೂರೂ ಸಡಿಲ ಇರಲಿಲ್ಲ. ಮೇಲಿನ ಸ್ಲೀವ್ ನೋಡಿದರೆ ಏನೂ ಆಗಿಲ್ಲ. ಒಂದೊಂದೇ ಎಳೆದೆ. ಮೂರು ವೈರ್ ಗಟ್ಟಿ. ಉಳಿದ ಒಂದು, 5 ವೋಲ್ಟ್ ವೈರು, ಎಳೆದ ತಕ್ಷಣ ಹಿಗ್ಗಿತು, ಕೈಗೆ ಮೆತ್ತಗೆ ಸಿಕ್ಕಿತು. ಬ್ಲೇಡಿನಿಂದ ಸೀಳಿ ನೋಡಿದರೆ ತಾಮ್ರದ ಎಳೆಗಳು ತುಂಡಾಗಿ ಹಸಿರು ಬಣ್ಣ ಬಂದಿದೆ, ಎರಡು ಎಳೆ ಮಾತ್ರ ತಾಗಿಕೊಂಡಿದ್ದವು. ನೀವು ಹೇಳಿದ ಹಾಗೆ ಪಿನ್ ಇಟ್ಟು ನೋಡಿದ್ದೆನಲ್ಲ, ಆಗ 4.99 ಬಂದಿದ್ದು ಇದೇ ವೈರಿನಲ್ಲಿ.

ಈಗ ಹೇಗೆ ಜೋಡಿಸಲಿ? ತಿರುಚಿ ಟೇಪ್ ಸುತ್ತಿದರೆ ಸಾಕಾ? ನಾಳೆ ರಾತ್ರಿ ಲೋಡ್ ಇದೆ.

ವೈರಿಂಗ್ ಕೆಲಸ, ದಾವಣಗೆರೆ

ಇಂಜಿನ್ ನಿಂತಿದ್ದಾಗ ಎರಡು ಎಳೆಯಲ್ಲೂ 4.99 ಬರುತ್ತೆ. ಮೀಟರ್ ಎಳೆಯೋ ಕರೆಂಟ್ ಏನೂ ಅಲ್ಲ, ಸೆನ್ಸರ್‌ದೂ ಕೆಲವೇ ಮಿಲಿಆಂಪ್. ಇಂಜಿನ್ ವಾಲಿದಾಗ ಆ ಎರಡೂ ಬಿಟ್ಟು ಹೋಗ್ತಿದ್ದವು. ಅದಕ್ಕೇ ರಸ್ತೆ ಮೇಲಿನ ರೆಕಾರ್ಡ್ ಬೇಕು ಅಂದಿದ್ದು.

ತಿರುಚಿ ಟೇಪ್ ಸುತ್ತೋದು ಬೇಡ. ಬಿಸಿಗೆ ಟೇಪ್ ಅಂಟು ಕರಗಿ ಬಿಚ್ಚಿಕೊಳ್ಳುತ್ತೆ. ಹಸಿರು ಬಂದ ಭಾಗ ಪೂರ್ತಿ ಕತ್ತರಿಸಿ, ಒಳಗೆ ಕೆಂಪು ತಾಮ್ರ ಕಾಣೋವರೆಗೆ. ಅದೇ ದಪ್ಪದ ಹೊಸ ವೈರ್ ತುಂಡು ನಡುವೆ ಸೇರಿಸಿ. ಎರಡು ಕಡೆ ಕ್ರಿಂಪ್ ಸ್ಲೀವ್ ಹಾಕಿ ಒತ್ತಿ, ಮೇಲೆ ಒಳಗೆ ಅಂಟು ಇರೋ ಹೀಟ್ ಶ್ರಿಂಕ್ ಸ್ಲೀವ್ ಹಾಕಿ ಬಿಸಿ ಮಾಡಿ. ಎರಡು ಜಾಯಿಂಟ್ ಒಂದೇ ಜಾಗಕ್ಕೆ ಬರದ ಹಾಗೆ ನೋಡಿಕೊಳ್ಳಿ. ಬೆಸುಗೆ ಹಾಕ್ತೀನಿ ಅನ್ನೋರೂ ಇದ್ದಾರೆ, ಬೆಸುಗೆ ಮುಗಿಯೋ ಜಾಗದಲ್ಲಿ ವೈರ್ ಗಡುಸಾಗಿ ಅಲುಗಾಟಕ್ಕೆ ಮತ್ತೆ ತುಂಡಾಗುತ್ತೆ, ಇಂಜಿನ್ ಮೇಲೆ ನನಗೆ ಅದು ಸರಿ ಬರಲ್ಲ. ಪಕ್ಕದ ಮೂರು ವೈರೂ ಅದೇ ಅಂಚಿನ ಮೇಲೆ ಬಗ್ಗಿದ್ದವು, ಆ ಜಾಗದಲ್ಲಿ ಅವನ್ನೂ ಇನ್ನೊಮ್ಮೆ ಎಳೆದು ನೋಡಿ.

ಆಮೇಲೆ ವೈರಿಂಗ್ ಹಳೇ ದಾರಿಯಲ್ಲೇ ತನ್ನಿ. ಎರಡು ಬೆರಳು ಸಡಿಲ ಬಿಟ್ಟು ಟೈ ಹಾಕಿ, ಬ್ರಾಕೆಟ್ ಅಂಚಿಗೆ ಒಂದು ತುಂಡು ರಬ್ಬರ್ ಪೈಪ್ ಸೀಳಿ ಸಿಕ್ಕಿಸಿ. ಇಂಜಿನ್ ಮೌಂಟಿಂಗ್ ರಬ್ಬರ್ ಬಿರುಕು ಬಿಟ್ಟಿದೆಯಾ ನೋಡಿ, ಬಿಟ್ಟಿದ್ದರೆ ವಾಲೋದು ಇನ್ನೂ ಜಾಸ್ತಿ. ಕೋಡ್ ಅಳಿಸಿ, ಅದೇ ಏರಿನಲ್ಲಿ ಅದೇ ಲೋಡಿಗೆ ಇನ್ನೊಂದು ಸಲ ರೆಕಾರ್ಡ್ ಮಾಡಿ.

ಬಿಚ್ಚಿದ ಹಳೇ ಸೆನ್ಸರ್ ಗ್ಯಾರೇಜ್‌ನವರು ವಾಪಸ್ ಕೊಟ್ಟರಾ?

ಈರುಳ್ಳಿ ಗಾಡಿ, ಭರಮಸಾಗರ

ಇದೆ ಸರ್, ಡ್ಯಾಶ್‌ಬೋರ್ಡ್ ಡಬ್ಬಿಯಲ್ಲೇ ಬಿದ್ದಿದೆ. ತುದಿ ಪೂರ್ತಿ ಕಪ್ಪು ಮಸಿ.

ವೈರಿಂಗ್ ಕೆಲಸ, ದಾವಣಗೆರೆ

ಮಸಿ ಡೀಸೆಲ್‌ನಲ್ಲಿ ಮಾಮೂಲಿ, ಇಜಿಆರ್ (ಇಂಜಿನ್ ಹೊಗೆಯಲ್ಲಿ ಸ್ವಲ್ಪ ಒಳಗೇ ವಾಪಸ್ ಕಳಿಸೋದು) ಹೊಗೆಯೂ ಆಯಿಲ್ ಆವಿಯೂ ಸೇರಿ ಕೂರುತ್ತೆ. ಎಲೆಕ್ಟ್ರಾನಿಕ್ ಕಾಂಟ್ಯಾಕ್ಟ್ ಕ್ಲೀನರ್ ಸ್ಪ್ರೇ ಹೊಡೆದು, ತಲೆ ಕೆಳಗೆ ಮಾಡಿ ಒಣಗಿಸಿ. ತೂತಿಗೆ ಪಿನ್ ಹಾಕಿ ಕೆರೆಯಬೇಡಿ. ವೈರ್ ಸರಿ ಮಾಡಿದ ಮೇಲೆ ಅದನ್ನು ಹಾಕಿ ಕೀ ಆನ್ ಮಾಡಿ. 93 ತೋರಿಸಿದರೆ, ಏರಿನಲ್ಲೂ ಹೊಸದರಷ್ಟೇ ಅಂಕಿ ಕೊಟ್ಟರೆ, ಅದನ್ನೇ ಗಾಡಿಯಲ್ಲಿ ಬಿಟ್ಟು ಹೊಸದನ್ನು ಸ್ಪೇರ್ ಇಟ್ಟುಕೊಳ್ಳಿ. ಬದಲಾಯಿಸುವಾಗ ತುದಿಯ ಓ-ರಿಂಗ್ ಹೊಸದು ಹಾಕಿ, ಅದು ಹತ್ತಿಪ್ಪತ್ತು ರೂಪಾಯಿಗೆ ಸಿಗುತ್ತೆ.